'ಹೀವ್' ಎದುರಾದಾಗ: ಅನುವಾದ ಮಾಡುವವರಿಗೂ ಇಂಗ್ಲಿಷ್ ಓದುವವರಿಗೂ ಒಂದು ಮಾರ್ಗದರ್ಶಿ

ನಿಘಂಟು ತೆಗೆದರೆ 'ಹೀವ್' (heave) ಅನ್ನೋ ಇಂಗ್ಲಿಷ್ ಪದಕ್ಕೆ ಮೊದಲ ಅರ್ಥ 'ಎತ್ತು' ಅಂತ ಇರುತ್ತದೆ. ಅಷ್ಟಕ್ಕೇ ನಿಂತರೆ ಕಷ್ಟ. ಕ್ರಿಕೆಟ್ ಕಾಮೆಂಟರಿಯಲ್ಲಿ ಈ ಪದ ಬರುತ್ತದೆ. ಹೃದಯದ ಡಾಕ್ಟರ್ ಬರೆದ ಕೇಸ್ ಶೀಟಿನಲ್ಲಿ ಬರುತ್ತದೆ. ಮಣ್ಣು ಪರೀಕ್ಷೆಯ ವರದಿ, ಹಡಗಿನ ಕತೆ, ಐರ್ಲೆಂಡಿನ ರಾಜಕೀಯ ಸುದ್ದಿ, ಎಲ್ಲ ಕಡೆಯೂ ಇದೆ. ಎಲ್ಲದಕ್ಕೂ 'ಎತ್ತು' ಅಂತ ಹಾಕಿದರೆ ನಾವಿಕರು ಬಿರುಗಾಳಿಯಲ್ಲಿ ಹಡಗನ್ನೇ ಎತ್ತಿಬಿಡುತ್ತಾರೆ!

ಅರ್ಥಗಳ ಪಟ್ಟಿ ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಕ್ರಮದಲ್ಲಿ ನಾಲ್ಕೈದು ಪ್ರಶ್ನೆ ಕೇಳಿಕೊಂಡರೆ ಸಾಕು, ಸರಿಯಾದ ಅರ್ಥ ತಾನಾಗೇ ಸಿಗುತ್ತದೆ.

ಶುರುವಿಗೆ: ಬೇರು ಎಲ್ಲಿದೆ ನೋಡಿ

ಇದು ಹಳೆಯ ಪದ. ಹಳೆಗಾಲದ ಇಂಗ್ಲಿಷಿನಲ್ಲಿ 'ಹೆಬ್ಬನ್' ಅಂತಿತ್ತು. ಜರ್ಮನ್ನರು ಇವತ್ತಿಗೂ ಎತ್ತುವುದಕ್ಕೆ 'ಹೇಬನ್' ಅನ್ನುತ್ತಾರೆ. ನಮಗೆ ಚೆನ್ನಾಗಿ ಗೊತ್ತಿರುವ 'ಹೆವಿ' ಇದೇ ಬೇರಿನ ಕೂಸು. 'ಅಪ್‌ಹೀವಲ್' ಕೂಡ ಇದೇ ಮನೆಯದು.

ಹಾಗಾಗಿ ಈ ಪದದೊಳಗೆ ಎರಡು ಸಂಗತಿ ಸೇರಿಕೊಂಡಿವೆ. ಒಂದು ಭಾರ, ಇನ್ನೊಂದು ತ್ರಾಸ. 'ಲಿಫ್ಟ್' ಅಂದರೆ ಸುಮ್ನೆ ಎತ್ತುವುದು, ಪೆನ್ನನ್ನೂ ಎತ್ತಬಹುದು. 'ಹಾಯ್ಸ್ಟ್' ಅಂದರೆ ಸಾಮಾನ್ಯವಾಗಿ ಹಗ್ಗ, ರಾಟೆ ಹಾಕಿ ಏರಿಸುವುದು, ಬಾವುಟ ಏರಿಸುವ ಹಾಗೆ. 'ಹೀವ್' ಅಂದರೆ ಮೈಯ ಬಲವನ್ನೆಲ್ಲ ಒಟ್ಟು ಮಾಡಿ ಒಂದೇ ಪಟ್ಟಿಗೆ ಎತ್ತುವುದು.

ಗ್ಯಾಸ್ ಸಿಲಿಂಡರ್ ತರುವವರನ್ನು ಒಮ್ಮೆ ಗಮನಿಸಿ. ಮನೆಯ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್ ಇರುತ್ತದೆ, ಕಬ್ಬಿಣದ ತೂಕವೂ ಸೇರಿದರೆ ಹತ್ತಿರ ಹತ್ತಿರ 30 ಕೆ.ಜಿ. ವ್ಯಾನಿನಿಂದ ಇಳಿಸಿ, ಓರೆ ಮಾಡಿ, ಅಂಚಿನ ಮೇಲೆ ಉರುಳಿಸಿಕೊಂಡು ಮೆಟ್ಟಿಲವರೆಗೆ ಬರುತ್ತಾರೆ. ಅಲ್ಲಿವರೆಗೆ 'ಹೀವ್' ಇಲ್ಲ. ಆಮೇಲೆ ಒಂದು ಕೈ ಮೇಲಿನ ಹಿಡಿಗೆ, ಇನ್ನೊಂದು ಕೈ ಬುಡಕ್ಕೆ ಹಾಕುತ್ತಾರೆ. ಮೊದಲು ತೊಡೆಯ ಮೇಲೆ, ಅಲ್ಲಿಂದ 'ಹೂಂ' ಅಂತ ಹೆಗಲಿಗೆ. ಆ 'ಹೂಂ' ಇದೆಯಲ್ಲ, ಅದೇ 'ಹೀವ್'.

ಕನ್ನಡದಲ್ಲಿ ಬರೆಯುವಾಗ ಬರೀ 'ಎತ್ತಿದ' ಅಂದರೆ ಆ ತ್ರಾಸ ಬಿಟ್ಟುಹೋಗುತ್ತದೆ. 'ತಿಣುಕಿ ಎತ್ತಿದ', 'ಎತ್ತಿ ಹೆಗಲಿಗೆ ಹಾಕಿಕೊಂಡ', 'ಬಲವೆಲ್ಲ ಹಾಕಿ ಮೇಲಕ್ಕೆ ತಳ್ಳಿದ', ಸಂದರ್ಭಕ್ಕೆ ಯಾವುದು ಹೊಂದುತ್ತದೋ ಅದು. ಅದೇ ರೀತಿ ಒಬ್ಬರು ತಮ್ಮನ್ನು ತಾವೇ 'ಹೀವ್' ಮಾಡಿಕೊಂಡು ಕುರ್ಚಿಯಿಂದ ಎದ್ದರು ಅಂತಿದ್ದರೆ, 'ಉಸ್ಸಪ್ಪಾ ಅಂತ ಎದ್ದರು' ಅಂದರೆ ಸಾಕು. ವಯಸ್ಸು, ತೂಕ, ಬೇಸರ ಮೂರೂ ಅದರಲ್ಲೇ ಬಂತು.

ಒಂದನೇ ಪ್ರಶ್ನೆ: ಏನನ್ನು?

ವಾಕ್ಯದಲ್ಲಿ 'ಏನನ್ನು' ಅಂತ ಕೇಳಿ. ಉತ್ತರ ಸಿಕ್ಕರೆ ಅದು ಎತ್ತುವುದು, ಇಲ್ಲವೇ ಎಸೆಯುವುದು. ಭಾರವಾದದ್ದನ್ನು ಎಸೆಯಬೇಕಾದರೆ ಮೊದಲು ಎತ್ತಲೇಬೇಕು, ಹಾಗಾಗಿ ಎರಡನೇ ಅರ್ಥ ಮೊದಲನೆಯದರಿಂದಲೇ ಹುಟ್ಟಿದೆ. ಕಿಟಕಿಗೆ ಇಟ್ಟಿಗೆ ಬೀಸಿ ಒಗೆಯುವುದೂ 'ಹೀವ್', ಶಾಟ್‌ಪುಟ್ ಎಸೆತಕ್ಕೂ ಪತ್ರಿಕೆಗಳು ಈ ಪದ ಬಳಸುತ್ತವೆ. ಗಂಡಸರ ಗುಂಡು 7.26 ಕೆ.ಜಿ., ಹೆಂಗಸರದು 4 ಕೆ.ಜಿ. ಆ ತೂಕಕ್ಕೆ ಈ ಪದ ಸರಿಯಾಗೇ ಇದೆ.

ಕ್ರಿಕೆಟ್ಟಿನಲ್ಲಿ ಸ್ವಲ್ಪ ಹುಷಾರಾಗಿರಿ. ಬ್ಯಾಟ್ಸ್‌ಮನ್ ಮಿಡ್‌ವಿಕೆಟ್ ಮೇಲೆ 'ಹೀವ್' ಮಾಡಿದ ಅಂತ ಕಾಮೆಂಟೇಟರ್ ಅಂದರೆ ಅದು ಪೂರ್ತಿ ಹೊಗಳಿಕೆಯಲ್ಲ. ಚೆಂದದ ಶಾಟ್ ಅಲ್ಲ, ತೋಳಿನ ಬಲದಲ್ಲಿ ಅಡ್ಡಬ್ಯಾಟ್ ಬೀಸಿದ್ದು ಅನ್ನೋ ಧ್ವನಿ ಅದರಲ್ಲಿದೆ. ಸಿಕ್ಸರೇ ಹೋಗಿರಬಹುದು. ಆದರೂ 'ಸೊಗಸಾಗಿ ಎತ್ತಿ ಹೊಡೆದರು' ಅಂತ ಬರೆದರೆ ತಪ್ಪಾಗುತ್ತದೆ. 'ಬೀಸಿ ಬಾರಿಸಿದರು' ಸರಿ. ಬಾಲಂಗೋಚಿ ಬ್ಯಾಟ್ಸ್‌ಮನ್ ಆಗಿದ್ದರೆ 'ಕಣ್ಣು ಮುಚ್ಚಿ ಬೀಸಿದರು' ಅಂದರೂ ನಡೆಯುತ್ತದೆ.

ಈ ಗುಂಪಿನಲ್ಲಿ ಒಂದು ವಿಚಿತ್ರ ಇದೆ: 'ಹೀವ್ ಎ ಸೈ ಆಫ್ ರಿಲೀಫ್'. ಇಲ್ಲಿ ಎತ್ತುವುದು ಉಸಿರನ್ನು. ನಮ್ಮ ಪತ್ರಿಕೆಗಳಲ್ಲಿ ಇದು 'ನೆಮ್ಮದಿಯ ನಿಟ್ಟುಸಿರು ಬಿಟ್ಟರು' ಅಂತ ರೂಢಿಯಾಗಿಬಿಟ್ಟಿದೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ನಿಟ್ಟುಸಿರು ಅಂದರೆ ನೀಳವಾದ ಉಸಿರು ಅಷ್ಟೇ, ನಿಜ. ಆದರೆ ಕನ್ನಡದ ಕಿವಿಗೆ ಅದರಲ್ಲಿ ದುಃಖವೇ ಮೊದಲು ಕೇಳುತ್ತದೆ. 'ಅಬ್ಬಾ ಅಂದರು', 'ನಿರಾಳರಾದರು', 'ಹೋದ ಜೀವ ಬಂದಂತಾಯಿತು' ಇಷ್ಟೆಲ್ಲ ಇರುವಾಗ ನೆಮ್ಮದಿಗೆ ನಿಟ್ಟುಸಿರು ಯಾಕೆ?

ಎರಡನೇ ಪ್ರಶ್ನೆ: ಯಾರೂ ಎತ್ತದೆ ತಾನೇ ಏಳುತ್ತಿದೆಯೇ?

'ಏನನ್ನು' ಪ್ರಶ್ನೆಗೆ ಉತ್ತರ ಸಿಗಲಿಲ್ಲ ಅಂದುಕೊಳ್ಳಿ. ಆಗ ವಾಕ್ಯದ ಕರ್ತೃವೇ ಏರಿ ಇಳಿಯುತ್ತಿರುತ್ತದೆ. ಓಡಿ ಬಂದವನ ಎದೆ 'ಹೀವ್' ಆದರೆ ಏದುಸಿರು. ಅಳುವವರ ಹೆಗಲು ಆದರೆ ಬಿಕ್ಕುವುದು. ಸಮುದ್ರ ಆದರೆ ಅಲೆ ಉಬ್ಬಿ ತಗ್ಗುವುದು. ಬ್ರಿಟಿಷರ ಮಾತಿನಲ್ಲಿ ಹೋಟೆಲ್ಲೋ ಸಂತೆಯೋ 'ಹೀವಿಂಗ್' ಆಗಿತ್ತು ಅಂದರೆ ಕಾಲಿಡೋಕೂ ಜಾಗ ಇರಲಿಲ್ಲ ಅಂತ ಅರ್ಥ. ಅಮೆರಿಕದವರ ಬಾಯಲ್ಲಿ ಈ ಕೊನೆಯದು ಅಪರೂಪ.

ಹೊಟ್ಟೆಯ ವಿಷಯಕ್ಕೆ ಬಂದಾಗ ಸ್ವಲ್ಪ ನಿಂತು ನೋಡಬೇಕು. ಇಲ್ಲಿ ತಪ್ಪಿದರೆ ಡಾಕ್ಟರಿಗೆ ತಪ್ಪು ಮಾಹಿತಿ ಹೋಗುತ್ತದೆ. ಹೊಟ್ಟೆ ತೊಳಸಿದ ಹಾಗೆ ಆಗುವುದು ಒಂದು, ಅದು 'ನಾಸಿಯಾ'. ಹೊಟ್ಟೆಯಲ್ಲಿದ್ದದ್ದು ಹೊರಗೆ ಬಂದರೆ ಅದು ವಾಂತಿ. ಇವೆರಡರ ನಡುವೆ ಇನ್ನೊಂದಿದೆ. ಹೊಟ್ಟೆ ಕಿವುಚುತ್ತದೆ, ಗಂಟಲವರೆಗೆ ಬಂದಂತಾಗುತ್ತದೆ, ಆದರೆ ಏನೂ ಹೊರಗೆ ಬರುವುದಿಲ್ಲ. ಇದು 'ಡ್ರೈ ಹೀವ್ಸ್'. 'ಬರೀ ಓಕರಿಕೆ, ವಾಂತಿ ಆಗ್ತಿಲ್ಲ' ಅಂತ ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ, ಅದೇ. ಇದನ್ನು 'ಒಣ ವಾಂತಿ' ಅಂತ ಬರೆದಿರುವುದನ್ನು ನೋಡಿದ್ದೇನೆ. ಹಾಗೆ ಯಾರೂ ಹೇಳುವುದಿಲ್ಲ.

ಮೂರನೇ ಪ್ರಶ್ನೆ: ಹಿಂದೆ ಬಾಲ ಇದೆಯೇ?

'ಹೀವ್' ಪಕ್ಕದಲ್ಲಿ ಸಣ್ಣ ಪದವೊಂದು ಅಂಟಿಕೊಂಡಿದ್ದರೆ ಅರ್ಥವೇ ತಿರುಗಿಬಿಡುತ್ತದೆ. ಮುಖ್ಯವಾದವು ಮೂರು, ಮೂರಕ್ಕೂ ಹಡಗಿನ ವಾಸನೆ ಇದೆ.

'ಹೀವ್ ಹೋ' ಅನ್ನುವುದು ನಾವಿಕರು ಎಲ್ಲರೂ ಸೇರಿ ಹಗ್ಗ ಎಳೆಯುವಾಗ ಹಾಕುವ ಕೂಗು. ನಮ್ಮಲ್ಲಿ ಇದಕ್ಕೆ ಪದ ಹುಡುಕಬೇಕಾಗಿಲ್ಲ. ಬಲೆ ಎಳೆಯುವಾಗ, ಕೆಟ್ಟು ನಿಂತ ಲಾರಿ ತಳ್ಳುವಾಗ ಕೇಳುವ 'ಐಸಾ' ಇದೆಯಲ್ಲ. ಕೂಗಿನ ಕೆಲಸ ಎಲ್ಲ ಕಡೆ ಒಂದೇ: ಹತ್ತು ಜನರ ಬಲ ಒಂದೇ ಕ್ಷಣಕ್ಕೆ ಬೀಳಬೇಕು. ಆದರೆ ಯಾರಿಗಾದರೂ 'ದಿ ಓಲ್ಡ್ ಹೀವ್ ಹೋ' ಕೊಟ್ಟರು ಅಂತಿದ್ದರೆ ಅಲ್ಲಿ ಐಸಾ ಇಲ್ಲ, ಕೆಲಸದಿಂದ ಕಿತ್ತುಹಾಕಿದರು ಅಂತ ಅರ್ಥ. ನಮ್ಮ ಪತ್ರಕರ್ತರ 'ಗೇಟ್‌ಪಾಸ್ ಕೊಟ್ಟರು' ಇದಕ್ಕೆ ಚೆನ್ನಾಗಿ ಕೂರುತ್ತದೆ.

ಎರಡನೆಯದು 'ಹೀವ್ ಟು'. ಅನುವಾದಕರು ಜಾಸ್ತಿ ಎಡವುವುದು ಇಲ್ಲೇ. ಬಿರುಗಾಳಿಯಲ್ಲಿ ಹಾಯಿದೋಣಿ ಮುಂದೆ ಹೋಗುವುದು ಅಪಾಯ, ಲಂಗರು ಹಾಕೋಣ ಅಂದರೆ ಆಳ ಜಾಸ್ತಿ. ಆಗ ನಾವಿಕರು ಮುಂದಿನ ಹಾಯಿಯನ್ನು ಗಾಳಿಗೆ ಉಲ್ಟಾ ಕಟ್ಟುತ್ತಾರೆ. ಅದು ದೋಣಿಯ ಮೂತಿಯನ್ನು ಗಾಳಿಯಿಂದ ಆಚೆಗೆ ತಳ್ಳುತ್ತದೆ. ಹಿಂದಿನ ಹಾಯಿ ಮತ್ತು ಚುಕ್ಕಾಣಿ ಮೂತಿಯನ್ನು ಮತ್ತೆ ಗಾಳಿಯ ಕಡೆಗೇ ತಿರುಗಿಸುತ್ತವೆ. ಎರಡೂ ಬಲ ಸರಿಸಮ ಆದಾಗ ದೋಣಿ ಹೆಚ್ಚುಕಮ್ಮಿ ನಿಂತಲ್ಲೇ ನಿಂತು ನಿಧಾನಕ್ಕೆ ತೇಲುತ್ತಿರುತ್ತದೆ. ಒಳಗಿರುವವರಿಗೆ ಒಂದು ಲೋಟ ಟೀ ಕುಡಿಯುವಷ್ಟು ಬಿಡುವು ಸಿಗುತ್ತದೆ. ಕನ್ನಡದಲ್ಲಿ 'ಗಾಳಿಗೆ ಮುಖ ಕೊಟ್ಟು ದೋಣಿ ನಿಲ್ಲಿಸಿದರು' ಅಂದರೆ ಓದುಗರಿಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. 'ಎತ್ತು' ಅನ್ನೋ ಮಾತೇ ಇಲ್ಲಿ ಬೇಡ.

ಮೂರನೆಯದು ಕಣ್ಣಿಗೆ ಬೀಳುವುದು, 'ಹೋವ್ ಇಂಟು ವ್ಯೂ'. 'ಹೋವ್' (hove) ಅನ್ನುವುದು 'ಹೀವ್' ಪದದ ಇನ್ನೊಂದು ಭೂತಕಾಲ. ದೂರದ ಹಡಗು ಸಮುದ್ರದ ಅಂಚಿನಿಂದ ಮೇಲೇಳುತ್ತಾ ಬಂದಂತೆ ಕಾಣುತ್ತದೆ. ಮೊದಲು ಕಂಬದ ತುದಿ, ಆಮೇಲೆ ಹಾಯಿ, ಕೊನೆಗೆ ಒಡಲು. ಅಲ್ಲಿಂದ ಹುಟ್ಟಿದ ಮಾತು ಈಗ ಬಸ್ಸಿಗೂ ಬಳಕೆಯಾಗುತ್ತದೆ, ದಪ್ಪಗಿರುವ ನೆಂಟರಿಗೂ ಬಳಕೆಯಾಗುತ್ತದೆ.

ಹಡಗಿನ ಮಾತು ಬಂದಿದ್ದಕ್ಕೆ ಇನ್ನೊಂದು. 'ಹೀವಿಂಗ್ ಲೈನ್' ಅಂದರೆ ಎತ್ತುವ ಹಗ್ಗ ಅಲ್ಲ, ಎಸೆಯುವ ಹಗ್ಗ. ಪಣಂಬೂರಿನ ನವಮಂಗಳೂರು ಬಂದರಿನಂಥ ಜಾಗದಲ್ಲಿ ದೊಡ್ಡ ಹಡಗು ದಕ್ಕೆಗೆ ಕಟ್ಟಬೇಕಾದರೆ ಆ ದಪ್ಪ ಹಗ್ಗವನ್ನು ಕೈಯಲ್ಲಿ ಎಸೆಯೋಕೆ ಆಗೋದಿಲ್ಲ. ಅದಕ್ಕೆ ತೆಳ್ಳನೆಯ ಹಗ್ಗವೊಂದರ ತುದಿಗೆ ಭಾರದ ಗಂಟು ಹಾಕಿ ದಡಕ್ಕೆ ಎಸೆಯುತ್ತಾರೆ. ದಡದವರು ಅದನ್ನು ಹಿಡಿದು ಎಳೆದರೆ ಅದರ ಹಿಂದೆ ದಪ್ಪ ಹಗ್ಗ ಬರುತ್ತದೆ.

ನಾಲ್ಕನೇ ಪ್ರಶ್ನೆ: ಯಾರ ಬಾಯಿಂದ ಬಂದ ಮಾತು?

ಇಷ್ಟಾದರೂ ಅರ್ಥ ಕೂರದಿದ್ದರೆ, ಬರೆದವರು ಯಾವ ಕಸುಬಿನವರು ಅಂತ ನೋಡಿ. ಕೆಲವು ಕಸುಬುಗಳು ಈ ಪದವನ್ನು ತಮ್ಮದೇ ಪರಿಭಾಷೆ ಮಾಡಿಕೊಂಡಿವೆ.

ಮೊದಲು ಮಣ್ಣಿನ ಎಂಜಿನಿಯರುಗಳು. ಉತ್ತರ ಕರ್ನಾಟಕದಲ್ಲಿ ಮನೆ ಕಟ್ಟುವವರಿಗೆ ಇದು ನೇರವಾಗಿ ಬೇಕಾಗುವ ಅರ್ಥ. ಮಣ್ಣು ಪರೀಕ್ಷೆಯ ವರದಿಯಲ್ಲಿ 'ಹೀವ್' ಅಂದರೆ ನೆಲ ಉಬ್ಬುವುದು. 'ಸೆಟಲ್‌ಮೆಂಟ್' ಅಂದರೆ ನೆಲ ಕೂರುವುದು. ಎರಡರಲ್ಲೂ ಗೋಡೆ ಬಿರುಕು ಬಿಡುತ್ತದೆ, ಅದಕ್ಕೇ ಎರಡನ್ನೂ 'ಕುಸಿತ' ಅಂತ ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ಆದರೆ ಇವು ಒಂದಕ್ಕೊಂದು ವಿರುದ್ಧ.

ಕಪ್ಪಗಿರುವ ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಖನಿಜ ಇರುತ್ತದೆ. ಅದರ ಪದರುಗಳ ನಡುವೆ ನೀರು ಹೊಕ್ಕರೆ ಮಣ್ಣು ಊದಿಕೊಳ್ಳುತ್ತದೆ, ಒಣಗಿದರೆ ಕುಗ್ಗುತ್ತದೆ. ಗದಗ, ಧಾರವಾಡ, ವಿಜಯಪುರದ ಕಡೆ ಬೇಸಿಗೆಯಲ್ಲಿ ಎರಿ ಹೊಲದ ಬಿರುಕಿನೊಳಗೆ ಕೈ ಹಾಕಬಹುದು. ಮಳೆ ಬಿದ್ದಮೇಲೆ ಅದೇ ನೆಲ ಮೇಲೇಳುತ್ತದೆ. ಕಾಂಪೌಂಡ್ ಗೋಡೆ, ಒಂದೇ ಅಂತಸ್ತಿನ ಮನೆ, ಅಂಗಳದ ಹಾಸುಗಲ್ಲು, ಇವಕ್ಕೇ ತೊಂದರೆ ಜಾಸ್ತಿ. ಉಬ್ಬುವ ಮಣ್ಣನ್ನು ಅದುಮಿ ಹಿಡಿಯುವಷ್ಟು ತೂಕ ಇವಕ್ಕಿರುವುದಿಲ್ಲ. ಮನೆಯ ಅಡಿಯ ಮಣ್ಣು ಬಿಸಿಲು ಕಾಣದೆ ತೇವ ಹಿಡಿದುಕೊಂಡಿರುತ್ತದೆ, ಸುತ್ತಲಿನದು ಒಣಗುತ್ತದೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ನಡುಮನೆಯ ನೆಲ ಡುಬ್ಬ ಏಳುತ್ತದೆ. ಬಾಗಿಲು ಹಿಡಿದುಕೊಳ್ಳುತ್ತದೆ. ಕಿಟಕಿಯ ಮೂಲೆಯಿಂದ ಓರೆ ಬಿರುಕು ಹೊರಡುತ್ತದೆ.

ಮಣ್ಣು ಎಷ್ಟು ಉಬ್ಬುತ್ತದೆ ಅಂತ ನೋಡಲು ಲ್ಯಾಬಿನಲ್ಲಿ ಒಂದು ಸರಳ ಪರೀಕ್ಷೆ ಇದೆ. ಜರಡಿ ಹಿಡಿದ ಒಣ ಮಣ್ಣು 10 ಗ್ರಾಂನಂತೆ ಎರಡು ಪಾಲು. ಒಂದನ್ನು 100 ಮಿ.ಲೀ. ಗಾಜಿನ ಜಾಡಿಯಲ್ಲಿ ನೀರಿಗೆ, ಇನ್ನೊಂದನ್ನು ಅಂಥದ್ದೇ ಜಾಡಿಯಲ್ಲಿ ಸೀಮೆಎಣ್ಣೆಗೆ ಹಾಕಿ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ. ಮಾರನೇ ದಿನ ನೋಡಿದಾಗ ಸೀಮೆಎಣ್ಣೆಯಲ್ಲಿ 10 ಮಿ.ಲೀ., ನೀರಿನಲ್ಲಿ 15 ಮಿ.ಲೀ. ಇದ್ದರೆ ಉಬ್ಬು 50 ಪರ್ಸೆಂಟ್. ವರದಿಯಲ್ಲಿ 'ಫ್ರೀ ಸ್ವೆಲ್ ಇಂಡೆಕ್ಸ್' ಅಂತ ಇರುವ ಅಂಕಿ ಇದೇ.

ಪರಿಹಾರವೂ ಅರ್ಥದ ಮೇಲೇ ನಿಂತಿದೆ. ಉಬ್ಬುವ ಮಣ್ಣಿಗೆ ಪಾಯದ ಅಡಿಯ ಎರೆ ತೆಗೆದು ಗರಸು ತುಂಬಿಸುತ್ತಾರೆ. ಇಲ್ಲವೇ ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳನ್ನು, ಅಂದರೆ ಪೈಲ್‌ಗಳನ್ನು ಆಳಕ್ಕೆ ಇಳಿಸುತ್ತಾರೆ. ಇವನ್ನು 'ಅಂಡರ್‌ರೀಮ್ಡ್ ಪೈಲ್' ಅನ್ನುತ್ತಾರೆ, ನಮ್ಮ ದೇಶದಲ್ಲಿ ಇವನ್ನು ಬೆಳೆಸಿದ್ದು ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ. ಕಾಲುವೆಗಳಿಗೆ ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರು ಬೇರೆ ದಾರಿ ತೋರಿಸಿದರು: ಎರೆಯ ಮೇಲೆ ಉಬ್ಬದ ಜಿಗುಟು ಮಣ್ಣಿನ ಪದರ ಹಾಸುವುದು. ಮಲಪ್ರಭಾ ಕಾಲುವೆಯ ಕೆಲಸದಲ್ಲಿ ಇದನ್ನು ಬಳಸಿದರು. ಈಗ ಯೋಚಿಸಿ, ವರದಿಯ 'ಹೀವ್' ಅನ್ನು 'ಕುಸಿತ' ಅಂತ ಓದಿದ ಮೇಸ್ತ್ರಿ ಏನು ಮಾಡಿಯಾರು? ಪಾಯ ಅಗಲ ಮಾಡಿ ಭಾರ ಹಂಚುತ್ತಾರೆ. ಕೆಳಗಿನಿಂದ ತಳ್ಳುವ ಮಣ್ಣಿಗೆ ಅದರಿಂದ ತಳ್ಳೋಕೆ ಇನ್ನಷ್ಟು ಜಾಗ ಸಿಕ್ಕಿತು ಅಷ್ಟೇ. ವರದಿ ಕನ್ನಡಕ್ಕೆ ತರುವವರು 'ಮಣ್ಣು ಉಬ್ಬುವುದು' ಅಂತಲೇ ಬರೆಯಿರಿ. ಮೇಸ್ತ್ರಿಗಳೂ ಹಾಗೇ ಅನ್ನುವುದು.

ಕೆನಡಾದಲ್ಲೋ ಅಮೆರಿಕದ ಉತ್ತರದ ರಾಜ್ಯಗಳಲ್ಲೋ ಮನೆ ಕೊಳ್ಳುವ ಕನ್ನಡಿಗರಿಗೆ ಇದರ ಅಣ್ಣ ಸಿಗುತ್ತಾನೆ, 'ಫ್ರಾಸ್ಟ್ ಹೀವ್'. ಇಲ್ಲಿ ನೆಲ ಎತ್ತುವುದು ಮಂಜುಗಡ್ಡೆ. ನೀರು ಹೆಪ್ಪುಗಟ್ಟಿದರೆ 9 ಪರ್ಸೆಂಟಿನಷ್ಟು ಹಿಗ್ಗುತ್ತದೆ, ಅದಕ್ಕೇ ನೆಲ ಏಳುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಅಸಲಿ ಕಾರಣ ಬೇರೆ. ನುಣುಪು ಮಣ್ಣಿನಲ್ಲಿ ಹೆಪ್ಪುಗಟ್ಟುವ ಜಾಗ ಕೆಳಗಿನ ನೀರನ್ನು ಮೇಲಕ್ಕೆ ಹೀರುತ್ತಲೇ ಇರುತ್ತದೆ, ಮಂಜುಗಡ್ಡೆಯ ಪದರ ದಪ್ಪವಾಗುತ್ತಲೇ ಹೋಗುತ್ತದೆ. ಅಮೆರಿಕದ ಸ್ಟೀಫನ್ ಟೇಬರ್ 1930ರ ಹೊತ್ತಿಗೇ ಇದನ್ನು ತೋರಿಸಿದ್ದರು. ಹೆಪ್ಪುಗಟ್ಟಿದರೆ ಕುಗ್ಗುವ ಬೆಂಜೀನ್ ಹಾಕಿದರೂ ಮಣ್ಣು ಉಬ್ಬಿತು! ಅಲ್ಲಿನ ಮನೆ ತಪಾಸಣೆ ವರದಿಯಲ್ಲಿ ಈ ಪದ ಕಂಡರೆ, ಡೆಕ್ಕಿನ (ಮನೆಗೆ ಅಂಟಿಕೊಂಡ ಮರದ ಜಗಲಿಯ) ಕಂಬಗಳ ಪಾಯ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಹೋಗಿದೆಯೇ ಅಂತ ಕೇಳಿ.

ಡಾಕ್ಟರ ಕಡೆಗೆ ಬಂದರೆ 'ಪ್ಯಾರಾಸ್ಟರ್ನಲ್ ಹೀವ್'. ರೋಗಿಯ ಎದೆಮೂಳೆಯ ಎಡಪಕ್ಕದಲ್ಲಿ ಡಾಕ್ಟರ್ ಅಂಗೈಯ ಬುಡವನ್ನು ಒತ್ತಿ ಇಡುತ್ತಾರೆ. ಹೃದಯದ ಬಲಗಡೆಯ ಕೆಳಕೋಣೆ ದಪ್ಪವಾಗಿದ್ದರೆ ಪ್ರತಿ ಬಡಿತಕ್ಕೂ ಅಂಗೈ ಮೇಲೇಳುತ್ತದೆ. ಇದನ್ನು 'ಎದೆ ಭಾರ' ಅಂತ ಮಾಡಬೇಡಿ. ಎದೆ ಭಾರ ರೋಗಿ ಹೇಳುವ ತೊಂದರೆ, ಇದು ಡಾಕ್ಟರ ಕೈಗೆ ಸಿಗುವ ಗುರುತು. ಕುದುರೆ ಡಾಕ್ಟರ ಬಾಯಲ್ಲಿ 'ಹೀವ್ಸ್' ಅಂದರೆ ಕುದುರೆಯ ಉಬ್ಬಸ, ಬೂಸ್ಟು ಹಿಡಿದ ಹುಲ್ಲಿನ ಧೂಳಿನಿಂದ ಬರುವಂಥದ್ದು. ಉಸಿರು ಹೊರಹಾಕೋಕೆ ತಿಣುಕಿ ತಿಣುಕಿ ಹೊಟ್ಟೆಯ ಪಕ್ಕದಲ್ಲಿ ಸ್ನಾಯುವಿನ ಗೆರೆಯೇ ಎದ್ದುಬಿಡುತ್ತದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಹಡಗು ವಿನ್ಯಾಸದವರಿಗೆ 'ಹೀವ್' ಅಂದರೆ ಹಡಗು ಇಡಿಯಾಗಿ ನೆಟ್ಟಗೆ ಮೇಲೆ ಕೆಳಗೆ ಆಗುವುದು. ಪಕ್ಕಕ್ಕೆ ವಾಲುವುದೂ ಮೂತಿ ಏಳುವುದೂ ಬೇರೆ ಲೆಕ್ಕ. ಕಲ್ಲಿದ್ದಲು ಗಣಿಯವರಿಗೆ 'ಫ್ಲೋರ್ ಹೀವ್' ಅಂದರೆ ಸುರಂಗದ ನೆಲ ಒತ್ತಡಕ್ಕೆ ಉಬ್ಬಿ ಬರುವುದು. ಭೂವಿಜ್ಞಾನಿಗಳು ಮಾತ್ರ ತಮಾಷೆಯ ಜನ. ಸ್ತರಭಂಗದಲ್ಲಿ, ಅಂದರೆ ನೆಲದೊಳಗಿನ ಬಂಡೆ ಬಿರಿದು ಜರುಗಿದ ಕಡೆ, ಬಂಡೆ ಎಷ್ಟು ಅಡ್ಡಕ್ಕೆ ಸರಿದಿದೆ ಅನ್ನುವುದಕ್ಕೆ 'ಹೀವ್' ಅನ್ನುತ್ತಾರೆ, ಮೇಲೆ ಕೆಳಗೆ ಸರಿದದ್ದಕ್ಕೆ 'ಥ್ರೋ'. ಎತ್ತುವ ಪದವನ್ನು ಅಡ್ಡಕ್ಕೆ ಮಲಗಿಸಿದ್ದಾರೆ. ಪಠ್ಯಪುಸ್ತಕ ಅನುವಾದಿಸುವವರು ಇಲ್ಲಿ ಕಣ್ಣುಮುಚ್ಚಿ ನಡೆಯಬಾರದು.

ಐರ್ಲೆಂಡಿನ ರಾಜಕೀಯ ವರದಿಯಲ್ಲಿ 'ಹೀವ್' ಅಂದರೆ ಪಕ್ಷದೊಳಗಿನವರೇ ನಾಯಕನನ್ನು ಕುರ್ಚಿಯಿಂದ ಎಬ್ಬಿಸಲು ನಡೆಸುವ ಪ್ರಯತ್ನ. 2010ರ ಜೂನ್‌ನಲ್ಲಿ ಫೀನ ಗೇಲ್ ಪಕ್ಷದಲ್ಲಿ ರಿಚರ್ಡ್ ಬ್ರೂಟನ್ ಬಣ ಎಂಡಾ ಕೆನ್ನಿ ವಿರುದ್ಧ ಹೀಗೆ ಎದ್ದಿತ್ತು. ಕೆನ್ನಿ ಉಳಿದುಕೊಂಡರು, 2011ರ ಮಾರ್ಚ್‌ನಲ್ಲಿ ಪ್ರಧಾನಿಯೂ ಆದರು. ಹಾಗಾಗಿ 'ಪದಚ್ಯುತಿ' ಅಂತ ಬರೆದರೆ ಸುದ್ದಿಯೇ ತಪ್ಪಾಗುತ್ತದೆ. 'ನಾಯಕತ್ವ ಬದಲಾವಣೆಯ ಯತ್ನ' ಅನ್ನಿ. ಕರ್ನಾಟಕದ ಓದುಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಕೊನೆಗೆ ಭೂತಕಾಲ

ಮಾಮೂಲಿ ಭೂತಕಾಲ 'ಹೀವ್ಡ್'. 'ಹೋವ್' ಅಂತ ಕಂಡರೆ ಹೆಚ್ಚಾಗಿ ಎರಡೇ ಅರ್ಥ: ಒಂದೋ ಹಡಗಿನ ಕೆಲಸ, ಇಲ್ಲ ಯಾರೋ ಕಣ್ಣಿಗೆ ಬಿದ್ದರು. ನೀವೇ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರೆ 'ಮೂಟೆಯನ್ನು ಹೋವ್ ಮಾಡಿದ' ಅಂತ ಬರೆಯಬೇಡಿ.

ಈಗ ಒಂದು ವಾಕ್ಯ ಬಿಡಿಸಿ ನೋಡೋಣ: 'ದಿ ಟ್ರಾಲರ್ ಹೋವ್ ಟು, ದಿ ಕ್ರೂ ಹೀವ್ಡ್ ದಿ ನೆಟ್ ಅಬೋರ್ಡ್, ಅಂಡ್ ದಿ ನ್ಯೂ ಬಾಯ್ ಹೀವ್ಡ್ ಓವರ್ ದಿ ರೇಲ್.' ಮೊದಲನೆಯದಕ್ಕೆ 'ಟು' ಅನ್ನೋ ಬಾಲ ಇದೆ, 'ಹೋವ್' ರೂಪವೂ ಇದೆ, ಅಂದರೆ ದೋಣಿ ನಿಂತಿತು. ಟ್ರಾಲರ್ ಎಂಜಿನ್ ದೋಣಿ, ಹಾಯಿಯ ಮಾತು ಬೇಡ. ಎರಡನೆಯದಕ್ಕೆ 'ಏನನ್ನು' ಅಂದರೆ ಬಲೆಯನ್ನು, ಅಂದರೆ ತಿಣುಕಿ ಎತ್ತಿದರು. ಮೂರನೆಯದಕ್ಕೆ ಏನನ್ನು ಅಂದರೆ ಉತ್ತರವಿಲ್ಲ. ಹುಡುಗ ಹೊಸಬ, ಜಾಗ ದೋಣಿಯ ಅಂಚು. ಹೊಟ್ಟೆಯ ಕತೆಯೇ ಇದು. 'ದೋಣಿ ಅಲೆಗೆ ಮೂತಿ ಕೊಟ್ಟು ನಿಂತಿತು. ಆಳುಗಳು ತಿಣುಕಿ ಬಲೆ ಎಳೆದು ಒಳಗೆ ಹಾಕಿದರು. ಹೊಸ ಹುಡುಗ ಮಾತ್ರ ಅಂಚಿಗೆ ಬಗ್ಗಿ ಓಕರಿಸುತ್ತಿದ್ದ.' ಇಂಗ್ಲಿಷಿನಲ್ಲಿ ಒಂದೇ ಪದ ಮೂರು ಸಲ ಬಂದದ್ದರ ಚಮತ್ಕಾರ ಇದರಲ್ಲಿ ಹೋಯಿತು, ಒಂದು ವಾಕ್ಯ ಮೂರಾಯಿತು. ಹೋದರೆ ಹೋಗಲಿ ಬಿಡಿ, ಹುಡುಗನ ಅವಸ್ಥೆ ಓದುಗರಿಗೆ ಗೊತ್ತಾಯಿತಲ್ಲ.